ಲೋಟ ರೋಗಿಯ ಕೈಯಲ್ಲೇ ಇರಬೇಕು

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ವೈದ್ಯರು ಸಾವಿನ ಔಷಧಿಗೆ ಚೀಟಿ ಬರೆದುಕೊಡಬಹುದು, ಕುಡಿಸುವಂತಿಲ್ಲ, ಚುಚ್ಚುವಂತಿಲ್ಲ. ಲೋಟ ಎತ್ತುವ ಕೈ ರೋಗಿಯದೇ ಆಗಿರಬೇಕು. 1994ರಲ್ಲಿ ಮತದಾರರು ಕೂದಲೆಳೆ ಅಂತರದಲ್ಲಿ, ಶೇ 51ರಷ್ಟು ಮತ ಕೊಟ್ಟು ಒಪ್ಪಿದ ಕಾನೂನಿದು. ಕೋರ್ಟು ಮೆಟ್ಟಿಲು ಹತ್ತಿಳಿದು ಜಾರಿಗೆ ಬಂದದ್ದು 1997ರಲ್ಲಿ. ರದ್ದು ಮಾಡೋಣವೇ ಎಂದು ಅದೇ ವರ್ಷ ಮತ್ತೆ ಕೇಳಿದಾಗ ಶೇ 60ರಷ್ಟು ಮಂದಿ ಬೇಡವೆಂದರು.

ಕೇಳಿದವರಿಗೆಲ್ಲ ಚೀಟಿ ಸಿಗದು. ವಯಸ್ಸು 18 ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು. ಕಾಯಿಲೆ ವಾಸಿಯಾಗದ್ದು, ಆರು ತಿಂಗಳೊಳಗೆ ಪ್ರಾಣ ತೆಗೆಯುವಂಥದ್ದು ಎಂದು ಇಬ್ಬರು ವೈದ್ಯರು ಹೇಳಬೇಕು. ಖಿನ್ನತೆಯ ಗುಮಾನಿ ಬಂದರೆ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ಪರೀಕ್ಷಿಸಬೇಕು. ರೋಗಿ ಬಾಯಿಬಿಟ್ಟು ಎರಡು ಸಲ ಕೇಳಬೇಕು, ನಡುವೆ 15 ದಿನ ಕಳೆದಿರಬೇಕು. ಅಷ್ಟು ದಿನ ಉಳಿಯುವುದೇ ಅನುಮಾನವಾದರೆ 2020ರಿಂದ ವಿನಾಯಿತಿ ಇದೆ. ಲಿಖಿತ ಕೋರಿಕೆಗೆ ಇಬ್ಬರು ಸಾಕ್ಷಿಗಳು. ಅವರಲ್ಲಿ ಒಬ್ಬರಾದರೂ ನೆಂಟರಾಗಿರಬಾರದು, ಆಸ್ತಿಗೆ ವಾರಸುದಾರರೂ ಆಗಿರಬಾರದು. ಪಾಲಿನ ಜಗಳ ಕಂಡ ನಮ್ಮ ಊರುಗಳಿಗೆ ಈ ಷರತ್ತನ್ನು ಬಿಡಿಸಿ ಹೇಳಬೇಕಿಲ್ಲ.

2014ರಲ್ಲಿ, ಮೆದುಳಿನ ಕ್ಯಾನ್ಸರ್ ತಗುಲಿದ್ದ 29ರ ಬ್ರಿಟನಿ ಮೇನಾರ್ಡ್ ಈ ಚೀಟಿಗಾಗಿಯೇ ಕ್ಯಾಲಿಫೋರ್ನಿಯಾ ಬಿಟ್ಟು ಒರೆಗಾನ್‌ಗೆ ಮನೆ ಬದಲಿಸಿದರು. ಮರುವರ್ಷ ಕ್ಯಾಲಿಫೋರ್ನಿಯಾವೂ ಇಂಥ ಕಾನೂನು ಮಾಡಿತು.

ಇಷ್ಟು ಬಿಗಿ ಕಟ್ಟಿದ್ದರಿಂದ ದುರುಪಯೋಗ ತಡೆಯಬಹುದು ನಿಜ, ಆದರೆ ಕೆಲವರು ಬಾಗಿಲಾಚೆಯೇ ಉಳಿಯುತ್ತಾರೆ. ಮರೆವಿನ ಕಾಯಿಲೆಯವರನ್ನೇ ನೋಡಿ: ಬುದ್ಧಿ ನೆಟ್ಟಗಿರುವಾಗ ಆಯಸ್ಸು ಇನ್ನೂ ವರ್ಷಗಟ್ಟಲೆ ಇರುತ್ತದೆ; ಆಯಸ್ಸು ಆರು ತಿಂಗಳಿಗಿಳಿಯುವ ಹೊತ್ತಿಗೆ ಬುದ್ಧಿ ಇರುವುದಿಲ್ಲ. ನರಗಳು ಸೋತು ನುಂಗುವುದೂ ಆಗದವರ ಪಾಡು ಇನ್ನೊಂದು ಬಗೆ. ಕೆನಡಾದಲ್ಲಾದರೆ ವೈದ್ಯರೇ ಚುಚ್ಚುಮದ್ದು ಕೊಡಬಹುದು. ಒರೆಗಾನ್ ಅದಕ್ಕೆ ಒಪ್ಪಿಲ್ಲ. ಇತ್ತ, ಚೀಟಿ ಕೈಗೆ ಬಂದವರಲ್ಲೂ ಸುಮಾರು ಮೂರನೇ ಒಂದು ಪಾಲು ಮಂದಿ ಆ ಔಷಧಿಯನ್ನು ಕುಡಿಯುವುದೇ ಇಲ್ಲ.

ಇನ್ನು ನಮ್ಮಲ್ಲಿ, 2025ರ ಜನವರಿ 30ರಂದು ಕರ್ನಾಟಕ ಸರ್ಕಾರ 'ಘನತೆಯಿಂದ ಸಾಯುವ ಹಕ್ಕಿ'ನ ಸುತ್ತೋಲೆ ಹೊರಡಿಸಿದಾಗ ದಯಾಮರಣ ಬಂತೆಂದು ಹಲವರು ತಿಳಿದರು. ಬಂದದ್ದು ಬೇರೆ. ಚೇತರಿಕೆಯ ಆಸೆಯಿಲ್ಲದ ರೋಗಿಯ ಜೀವರಕ್ಷಕ ಯಂತ್ರಗಳನ್ನು ಎರಡು ವೈದ್ಯ ಮಂಡಳಿಗಳ ಒಪ್ಪಿಗೆಯ ಮೇಲೆ ತೆಗೆಯುವುದಕ್ಕಷ್ಟೇ ಅದರಲ್ಲಿ ದಾರಿಯಿದೆ. ತನಗೆ ಅಂಥ ಚಿಕಿತ್ಸೆ ಬೇಡವೆಂದು ಆರೋಗ್ಯವಾಗಿರುವಾಗಲೇ ಬರೆದಿಡಬಹುದು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ.

ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದರು. ತಮ್ಮ ಮೇಲೆ 1973ರಲ್ಲಿ ನಡೆದ ಹಲ್ಲೆಯ ಬಳಿಕ ಅವರು ಮಾತಿಲ್ಲದೆ ಮಲಗಿದ್ದು ಸುಮಾರು 42 ವರ್ಷ. ತೆಗೆಯೋಣವೆಂದರೆ ಅವರಿಗೆ ಯಂತ್ರದ ನೆರವೂ ಇರಲಿಲ್ಲ. ಬದುಕು ಮುಗಿಸಲು ಬಿಡಿ ಎಂದು ಅವರ ಪರವಾಗಿ ಹೋದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕೂಡದೆಂದು ಪಟ್ಟುಹಿಡಿದವರು, ದಿನವೂ ಅವರಿಗೆ ಉಣಿಸುತ್ತಿದ್ದ ಅದೇ ಆಸ್ಪತ್ರೆಯ ದಾದಿಯರು.