ಹೊಳೆಯ ನೀರಿನಲ್ಲಿ ಹರಿದು ಬರುವ ಗೊಬ್ಬರ

ಕೆಲವರಪಳ್ಳಿ ಅಣೆಕಟ್ಟಿನ ಬಾಗಿಲು ಎತ್ತಿದಾಗ ಬಿಳಿಯ ನೊರೆ ಗುಡ್ಡೆಗಟ್ಟುವುದನ್ನು ೨೦೧೭ರಿಂದೀಚೆಗೆ ಹೊಸೂರು ಭಾಗದ ರೈತರು ಹಲವು ಬಾರಿ ಕಂಡಿದ್ದಾರೆ. ನೊರೆ ಕಣ್ಣಿಗೆ ಕಾಣುತ್ತದೆ. ಪತ್ರಿಕೆಗಳಲ್ಲಿ ಅದರ ಚಿತ್ರವೂ ಬರುತ್ತದೆ. ಕಣ್ಣಿಗೆ ಕಾಣದೆ ನೀರಿನಲ್ಲಿ ಕರಗಿ ಬರುವ ವಸ್ತುಗಳು ಎರಡುಂಟು: ಸಾರಜನಕ ಮತ್ತು ರಂಜಕ. ಯೂರಿಯ, ಡಿ.ಎ.ಪಿ. ಎಂದು ನಾವು ಅಂಗಡಿಯಲ್ಲಿ ಹಣ ಕೊಟ್ಟು ಕೊಳ್ಳುವುದೂ ಇವುಗಳನ್ನೇ.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಯಿಂದ ಇಳಿದು, ಕೊಡಿಯಾಳದ ಬಳಿ ಗಡಿ ದಾಟಿ ನಮ್ಮಲ್ಲಿಗೆ ಬರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಕೋಡಿ ವರ್ತೂರು ಕೆರೆಗೆ, ವರ್ತೂರಿನ ಕೋಡಿ ಈ ಹೊಳೆಗೆ. ಆ ಕೆರೆಗಳಿಗೆ ಬೀಳುವುದು ಪಟ್ಟಣದ ಮೋರಿ ನೀರು. ಬೆಳ್ಳಂದೂರು ಕೆರೆಯಲ್ಲಿ ೨೦೧೫ರಲ್ಲಿಯೂ ೨೦೧೭ರಲ್ಲಿಯೂ ಬೆಂಕಿಯೇ ಕಾಣಿಸಿತು. ಮೇಲಿನವರೂ ಕನ್ನಡಿಗರು, ಕೆಳಗಿರುವ ನಾವೂ ಕನ್ನಡಿಗರು. ಹೊಳೆಗೆ ಆ ನೆಂಟಸ್ತಿಕೆ ತಿಳಿಯದು! ಹೊಳೆ ಕೆಲವರಪಳ್ಳಿಯನ್ನು ದಾಟಿ, ೧೯೫೭ರಲ್ಲಿ ಕಾಮರಾಜರ ಕಾಲದಲ್ಲಿ ತೆರೆದ ಕೃಷ್ಣಗಿರಿ ಅಣೆಕಟ್ಟನ್ನು ಸೇರುತ್ತದೆ.

ಹರಿಯುವ ನೀರಿನಲ್ಲಿ ಪಾಚಿಗೆ ನೆಲೆಯಿಲ್ಲ. ಅಣೆಕಟ್ಟಿನಲ್ಲಿ ನೀರು ನಿಂತು ಬಿಸಿಲು ಕಾದರೆ ಅದು ಹೆಚ್ಚುತ್ತದೆ. ಒಂದು ಕಿಲೋ ರಂಜಕದಿಂದ ಸುಮಾರು ೫೦೦ ಕಿಲೋ ಹಸಿ ಪಾಚಿ ಬೆಳೆಯಬಲ್ಲುದೆಂಬ ಲೆಕ್ಕವುಂಟು. ಹಗಲು ಪಾಚಿ ಆಮ್ಲಜನಕವನ್ನು ಕೊಡುತ್ತದೆ, ರಾತ್ರಿ ತಾನೇ ಹೀರುತ್ತದೆ. ಸತ್ತು ಕೊಳೆಯುವಾಗ ಉಳಿದುದನ್ನೂ ಮುಗಿಸುತ್ತದೆ. ಇಂಥ ನೀರಿನಲ್ಲಿ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುವುದು ಇದರಿಂದಲೇ. ಹಸಿರು ನೊರೆ ಕಟ್ಟುವ ಕೆಲವು ಪಾಚಿಗಳಲ್ಲಿ ವಿಷವೂ ಇರುತ್ತದೆ. ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ಹಸಿರು ಕಂಡರೆ ದನಗಳನ್ನು ಅಲ್ಲಿ ನೀರಿಗೆ ಬಿಡಬಾರದು.

ಮೋರಿ ನೀರು ನಿಂತ ಮಾತ್ರಕ್ಕೆ ಕೆರೆ ತಿಳಿಯಾಗುವುದೆ? ಅಮೆರಿಕದ ಸಿಯಾಟಲ್ ಪಟ್ಟಣದವರು ೧೯೬೩ರಿಂದ ೧೯೬೮ರ ಒಳಗೆ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಚರಂಡಿ ನೀರನ್ನು ಬೇರೆ ಕಡೆಗೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ಅದು ತಿಳಿಯಾಯಿತು. ಅದು ಆಳವಾದ ಸರೋವರ. ಆಳವಿಲ್ಲದ ಕೆರೆಗಳಲ್ಲಿ ತಳದ ಹೂಳು ಹಿಡಿದಿಟ್ಟ ರಂಜಕ ಮತ್ತೆ ಮತ್ತೆ ಮೇಲೇಳುವುದರಿಂದ ಕಾಲ ಹೆಚ್ಚು ಬೇಕು.

ಪಟ್ಟಣವನ್ನು ದೂರಿದರೆ ನಮ್ಮ ಪಾಲು ಮುಗಿಯುವುದಿಲ್ಲ. ಗುಲಾಬಿ, ಟೊಮೇಟೊ, ಕೋಸು ಬೆಳೆಯುವ ಈ ಸೀಮೆಯಲ್ಲಿ ಗೊಬ್ಬರದ ಕೈ ಧಾರಾಳ. ಮೊದಲೇ ಗೊಬ್ಬರವುಳ್ಳ ನೀರನ್ನು ಹಾಯಿಸಿ, ಮೇಲೆ ಮೂಟೆಯನ್ನೂ ಸುರಿಯುತ್ತೇವೆ. ಲೀಟರಿಗೆ ೨೦ ಮಿಲಿಗ್ರಾಂ ಸಾರಜನಕವುಳ್ಳ ನೀರನ್ನು ಎಕರೆಗೆ ನಾಲ್ಕು ಅಂಗುಲ ಹಾಯಿಸಿದರೆ, ಆ ಒಂದು ಸಲಕ್ಕೆ ಸುಮಾರು ೮ ಕಿಲೋ ಸಾರಜನಕ ಭೂಮಿಗೆ ಬೀಳುತ್ತದೆ. ಆರು ಸಲಕ್ಕೆ ೪೮ ಕಿಲೋ, ಎಂದರೆ ೪೫ ಕಿಲೋ ತೂಕದ ಎರಡು ಮೂಟೆ ಯೂರಿಯಕ್ಕಿಂತ ಹೆಚ್ಚು. ಟೊಮೇಟೊ ಸೊಪ್ಪಾಗಿ ಬೆಳೆದು ಕಾಯಿ ಕಚ್ಚದಿದ್ದರೆ, ಭತ್ತ ತೆನೆಯ ಹೊತ್ತಿಗೆ ಮಲಗಿದರೆ, ಬೀಜವನ್ನು ಬೈಯುವ ಮೊದಲು ಕಾಲುವೆಯ ನೀರನ್ನು ನೋಡಬೇಕು.

ರಂಜಕ ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟಿಕೊಂಡು ಹೋಗುತ್ತದೆ. ಮಳೆ ಮೋಡ ಕವಿದಾಗ ಡಿ.ಎ.ಪಿ. ಎರಚದಿರುವುದು, ಹಳ್ಳದ ಅಂಚಿನಲ್ಲಿ ನಾಲ್ಕು ಮಾರು ಹುಲ್ಲನ್ನು ಉಳಿಸಿ ಬದುವನ್ನು ಕಾಯುವುದು, ತಿಪ್ಪೆಯನ್ನು ಹಳ್ಳದಿಂದ ದೂರವಿಡುವುದು — ಇವಕ್ಕೆ ಖರ್ಚಿಲ್ಲ.

ಪರೀಕ್ಷೆಗೆ ನೀರು ಒಯ್ಯುವವರು ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಕಾಲುವೆಯ ಅಂಚಿನಲ್ಲಲ್ಲದೆ ನಡುವಿನಲ್ಲಿ ತುಂಬಿ, ನೆರಳಿನಲ್ಲಿಟ್ಟು ಅದೇ ದಿನ ತಲಪಿಸಬೇಕು. ಎಲ್ಲಿಗೆ ಒಯ್ಯಬೇಕೆಂಬುದನ್ನು ಪೈಯೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಾಗಲಿ ತಾಲ್ಲೂಕು ಕೃಷಿ ಕಚೇರಿಯಲ್ಲಾಗಲಿ ವಿಚಾರಿಸಬಹುದು. ಉಪ್ಪಿನಂಶದ ಜೊತೆಗೆ ಸಾರಜನಕವನ್ನೂ ಅಳೆಯಬೇಕೆಂದು ಬಾಯಿಬಿಟ್ಟು ಕೇಳಿರಿ.