ಬ್ಯಾಟರಿಯ ಪ್ರಕಾರಗಳೂ ಸೌರ ಪೂರಣದ ಪ್ರಮಾಣವೂ

ಸಾಲ ಕೇಳಿ ಬಂದವನಿಗೆ ಎಷ್ಟು ಕೊಡಬೇಕೆಂಬುದನ್ನು ಅವನ ಅಗತ್ಯವೊಂದೇ ನಿರ್ಣಯಿಸಲಾರದು. ಅಷ್ಟನ್ನು ಅವನು ಅರಗಿಸಿಕೊಳ್ಳಬಲ್ಲನೆ ಎಂಬುದನ್ನೂ ನೋಡಬೇಕಾಗುತ್ತದೆ. ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ವಿಷಯವೂ ಹೀಗೆಯೇ. ಆಡುಮಾತಿನಲ್ಲಿ ಚಾರ್ಜಿಂಗ್ ಎನ್ನಲಾಗುವ ಈ ಕ್ರಿಯೆಯನ್ನು ಇಲ್ಲಿ ಪೂರಣವೆಂದು ಕರೆಯುತ್ತೇನೆ. ಸೂರ್ಯಫಲಕದಿಂದ ಬರುವ ಪೂರಣಕ್ಕೆ ಮೇಲಣ ಮಿತಿಯೊಂದು, ಕೆಳಗಣ ಮಿತಿಯೊಂದು ಉಂಟು; ಎರಡನ್ನೂ ಗೊತ್ತುಮಾಡುವುದು ಬ್ಯಾಟರಿಯ ರಸಾಯನ. ಇದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬ್ಯಾಂಕಿನವನಿಗೆ ಈ ಚರ್ಚೆಯೇಕೆಂದು ವಾಚಕರು ಕೇಳಬಹುದು. ಆದರೆ ಸೌರದೀಪಕ್ಕೂ ಬ್ಯಾಂಕಿಗೂ ನಂಟು ಹಳೆಯದು. ೨೦೦೩ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನೊಡನೆ ಕೆನರಾ ಬ್ಯಾಂಕೂ, ಆಗ ಪ್ರತ್ಯೇಕವಾಗಿದ್ದ ಸಿಂಡಿಕೇಟ್ ಬ್ಯಾಂಕೂ ಕರ್ನಾಟಕದಲ್ಲಿ ಮನೆಯ ಸೌರ ಸಾಧನಗಳಿಗೆ ಸಾಲದ ಯೋಜನೆಯನ್ನು ಆರಂಭಿಸಿದವು. ನಾನೂ ಇಂಥ ಸಾಲಗಳನ್ನು ಮಂಜೂರು ಮಾಡಿದವನೇ. ಅವುಗಳಲ್ಲೊಂದು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಸಾಲಗಾರರು ಒಬ್ಬ ಸಣ್ಣ ಅಂಗಡಿಕಾರರು. ೭೫ ವ್ಯಾಟಿನ ಒಂದು ಫಲಕ, ೧೨ ವೋಲ್ಟಿನ ೧೫೦ ಆಂಪೇರ್-ಗಂಟೆಯ ಒಂದು ಸೀಸ-ಆಮ್ಲ ಬ್ಯಾಟರಿ, ಒಂದು ಬೀಸಣಿಗೆ, ಎರಡು ದೀಪ: ಇಷ್ಟೇ ಸರಂಜಾಮು. ಕೆಲವು ತಿಂಗಳಲ್ಲಿ ದೀಪ ಮಂಕಾಯಿತು. ಬ್ಯಾಟರಿ ಚಿಕ್ಕದಾಯಿತೆಂದು ಹೇಳಿ ಮಾರಾಟಗಾರನು ಅಷ್ಟೇ ಗಾತ್ರದ ಇನ್ನೊಂದನ್ನು ಜೋಡಿಸಿದನು. ಎರಡನೆಯ ವರ್ಷ ಮುಗಿಯುವ ಮೊದಲೇ ಎರಡೂ ಕೆಟ್ಟುವು. ಸಾಲದ ಅವಧಿಯಾದರೋ ಐದು ವರ್ಷ. ಉಳಿದ ಕಂತುಗಳನ್ನು ಅವರು ಕತ್ತಲೆಯಲ್ಲಿ ಕುಳಿತು ಕಟ್ಟಿದರು.

ದೋಷವೆಲ್ಲಿ? ಅಂಥ ಫಲಕ ಒಳ್ಳೆಯ ಬಿಸಿಲಿನಲ್ಲಿ ಕೊಡುವುದು ಸುಮಾರು ೪ ಆಂಪೇರ್. ಪೂರ್ಣ ಬಿಸಿಲಿಗೆ ಸಮನಾದ ೫ ಗಂಟೆ ದೊರೆಯಿತೆಂದರೂ ದಿನದ ಜಮೆ ೨೦ ಆಂಪೇರ್-ಗಂಟೆ. ಬೀಸಣಿಗೆ, ದೀಪಗಳ ಖರ್ಚು ಸುಮಾರು ೨೮. ದಿನವೂ ೮ರ ಕೊರತೆ. ಎರಡನೆಯ ಬ್ಯಾಟರಿ ಬಂದುದರಿಂದ ತಿಜೋರಿ ದೊಡ್ಡದಾಯಿತೇ ಹೊರತು ಜಮೆ ಹೆಚ್ಚಲಿಲ್ಲ. ೩೦೦ ಆಂಪೇರ್-ಗಂಟೆಯ ಸಮೂಹಕ್ಕೆ ೪ ಆಂಪೇರ್ ಎಂದರೆ ನೂರಕ್ಕೆ ಸುಮಾರು ೧.೩ ಭಾಗ ಮಾತ್ರ.

೧೮೫೯ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ನಿರ್ಮಿಸಿದ ಸೀಸ-ಆಮ್ಲ ಬ್ಯಾಟರಿಯ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ವಿದ್ಯುತ್ತು ಖರ್ಚಾದಂತೆ ಸೀಸದ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಪೂರಣದಲ್ಲಿ ಅದು ಕರಗಬೇಕು. ಬಹುಕಾಲ ಅರೆಪೂರಣದಲ್ಲೇ ಉಳಿದರೆ ಅದು ಗಟ್ಟಿ ಹರಳಾಗಿ ಮತ್ತೆ ಕರಗದು. ಮೇಲಾಗಿ, ದುರ್ಬಲ ಪ್ರವಾಹದಲ್ಲಿ ದ್ರವ ಕಲಕುವುದಿಲ್ಲ. ತೀಕ್ಷ್ಣವಾದ ಆಮ್ಲ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ದ್ರವವುಳ್ಳ ಬ್ಯಾಟರಿಗೆ ಅದರ ಸಾಮರ್ಥ್ಯದ ಸುಮಾರು ನೂರಕ್ಕೆ ೧೦ರಷ್ಟು ಪ್ರವಾಹ ಯುಕ್ತ. ೫ಕ್ಕಿಂತ ಕಡಮೆಯಾದರೆ ಅದು ಉಪವಾಸ. ಅಂಗಡಿಯ ಮೊದಲ ಬ್ಯಾಟರಿಗೆ ಬೇಕಾಗಿದ್ದುದು ೧೫ ಆಂಪೇರ್. ೧೪ ವೋಲ್ಟಿನಲ್ಲಿ ಅದು ೨೧೦ ವ್ಯಾಟ್. ಧೂಳು, ತಾಪಗಳ ನಷ್ಟವನ್ನು ಸೇರಿಸಿದರೆ ಸುಮಾರು ೨೭೦ ವ್ಯಾಟಿನ ಫಲಕ.

ಅತಿಯಾದ ಪೂರಣವೂ ಹಾನಿಕರವೇ. ಪ್ರತಿ ಕೋಶದ ವಿಭವ ಸುಮಾರು ೨.೪ ವೋಲ್ಟ್ ಮುಟ್ಟಿದ ಮೇಲೆ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ದ್ರವದ ಬ್ಯಾಟರಿಗೆ ಶುದ್ಧಜಲವನ್ನು ಎರೆದು ನಷ್ಟವನ್ನು ತುಂಬಬಹುದು. ಮುಚ್ಚಿದ ಜೆಲ್ ಬ್ಯಾಟರಿಯಲ್ಲಿ ಆ ಅವಕಾಶವಿಲ್ಲ. ಅದರ ಪೂರಣ ಸಾಮಾನ್ಯವಾಗಿ ನೂರಕ್ಕೆ ೨೦ನ್ನು ಮೀರಬಾರದು. ಗಾಜಿನ ನಾರಿನ ಹಾಳೆಗಳಲ್ಲಿ ಆಮ್ಲವನ್ನು ಹೀರಿಸಿಟ್ಟ ಬ್ಯಾಟರಿ ಇದಕ್ಕಿಂತ ತುಸು ಹೆಚ್ಚನ್ನು ತಾಳುತ್ತದೆ. ನಮ್ಮ ಬೇಸಗೆಯ ಲೆಕ್ಕವನ್ನೂ ಇಲ್ಲಿ ಸೇರಿಸಬೇಕು: ೨೫ ಡಿಗ್ರಿಯ ಮೇಲೆ ಏರುವ ಪ್ರತಿ ಡಿಗ್ರಿಗೂ ೧೨ ವೋಲ್ಟಿನ ಸೀಸದ ಬ್ಯಾಟರಿಯ ಪೂರಣವಿಭವವನ್ನು ಸುಮಾರು ೨೪ ಮಿಲಿವೋಲ್ಟ್ ಇಳಿಸತಕ್ಕದ್ದು. ೪೦ ಡಿಗ್ರಿಯಲ್ಲಿ ೧೪.೪ ವೋಲ್ಟ್ ಸುಮಾರು ೧೪ಕ್ಕೆ ಇಳಿಯುತ್ತದೆ.

ಲಿಥಿಯಂ ಕಬ್ಬಿಣ ಫಾಸ್ಫೇಟಿನ ಸ್ವಭಾವವೇ ಬೇರೆ. ಈ ವಸ್ತುವಿನ ಗುಣಗಳನ್ನು ೧೯೯೭ರಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಇಂಥ ಬ್ಯಾಟರಿ ಸಾಮರ್ಥ್ಯದ ಅರ್ಧದಷ್ಟು ಪ್ರವಾಹವನ್ನು ಸಾಮಾನ್ಯವಾಗಿ ಕ್ಲೇಶವಿಲ್ಲದೆ ಸ್ವೀಕರಿಸುತ್ತದೆ. ಅರೆಪೂರಣದಿಂದ ಅದಕ್ಕೆ ಬಾಧಕವಿಲ್ಲ. ಆದರೆ ಶೂನ್ಯ ಡಿಗ್ರಿಯ ಕೆಳಗೆ ಅದನ್ನು ಪೂರಣಮಾಡಬಾರದು. ಮಾಡಿದರೆ ಋಣಧ್ರುವದ ಮೇಲೆ ಲಿಥಿಯಂ ಲೋಹವೇ ಕೂಡುತ್ತದೆ. ಮುಂಬಯಿಗೆ ಈ ಭಯವಿಲ್ಲ, ಲಡಾಖಿನಲ್ಲಿ ಉಂಟು. ಸೀಸದ ಬ್ಯಾಟರಿಗಳನ್ನು ಸಮಗೊಳಿಸಲು ಕೊಡುವ ಅಧಿಕ ವಿಭವವೂ ಇದಕ್ಕೆ ಸಲ್ಲದು. ಆದ್ದರಿಂದ ಪೂರಣನಿಯಂತ್ರಕದ ಕ್ರಮವನ್ನು ಬದಲಿಸದೆ ಬ್ಯಾಟರಿಯನ್ನು ಮಾತ್ರ ಬದಲಿಸುವುದೂ, ಹಳತು ಹೊಸತನ್ನಾಗಲಿ, ಸೀಸ ಲಿಥಿಯಂಗಳನ್ನಾಗಲಿ ಒಂದೇ ಸಮೂಹದಲ್ಲಿ ಕಟ್ಟುವುದೂ ಅವಿವೇಕ.

ಅಂಗಡಿಕಾರರ ಕಾಗದಪತ್ರಗಳನ್ನು ನಾನು ಅಂದು ಶ್ರದ್ಧೆಯಿಂದಲೇ ಪರಿಶೀಲಿಸಿದ್ದೆನು. ಬೆಲೆಪಟ್ಟಿ, ಜಾಮೀನು, ಆದಾಯ ಎಲ್ಲವೂ ಸರಿಯಾಗಿದ್ದುವು. ಫಲಕದ ೭೫, ಬ್ಯಾಟರಿಯ ೧೫೦ ಎರಡೂ ಅದೇ ಬೆಲೆಪಟ್ಟಿಯಲ್ಲಿದ್ದುವು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಭಾಗಿಸಿ ನೋಡಲಿಲ್ಲ. ಈಗ ಇಂಥ ಅರ್ಜಿ ಬಂದಾಗ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇನೆ: ಬ್ಯಾಟರಿ ಯಾವ ಬಗೆಯದು, ಫಲಕದ ಪ್ರವಾಹ ಅದರ ಸಾಮರ್ಥ್ಯದ ನೂರಕ್ಕೆ ಎಷ್ಟು, ದಿನದ ಜಮೆ ದಿನದ ಖರ್ಚನ್ನು ಮೀರುವುದೇ? ಮನೆಗೆ ಸೌರ ಸಾಧನವನ್ನು ಕೊಳ್ಳುವ ವಾಚಕರೂ ಹಣ ಕೊಡುವ ಮೊದಲು ಈ ಮೂರನ್ನು ಕೇಳುವುದು ಲೇಸು.