ಕೊಕ್ಕರೆ ಬೆಳ್ಳೂರಿನ ನಿತ್ಯವ್ರತ

ಮಾಘ ಕಳೆದು ಫಾಲ್ಗುಣ ಹೊಗುವ ಹೊತ್ತಿಗೆ ಮಂಡ್ಯದ ಸೀಮೆಯ ಊರೂರುಗಳಲ್ಲಿ ಹುಣಸೆಯ ಮರಗಳು ಹಣ್ಣು ಬಲಿತು, ಸಿಪ್ಪೆ ಬಿರಿದು, ಕೊಯ್ಲಿಗೆ ಸಿದ್ಧವಾಗಿ ನಿಲ್ಲುತ್ತವೆ. ದೋಟಿ ಹಿಡಿದು ಕೊಂಬೆಗಳನ್ನು ಬಡಿಯುವ ಗಂಡಸರು, ಉದುರಿದುದನ್ನು ಆಯ್ದು ಮಂಕರಿಗೆ ತುಂಬುವ ಹೆಂಗಸರು, ಜಗಲಿಯ ಮೇಲೆ ಕುಳಿತು ನಾರು ಬಿಡಿಸಿ ಬೀಜವನ್ನು ಕುಟ್ಟಿ ತೆಗೆಯುವ ಮುದುಕಿಯರು, ಇದು ಆ ಋತುವಿನ ಸಾಮಾನ್ಯ ಚಿತ್ರ. ಹಿತ್ತಲಿನ ಒಂದು ದೊಡ್ಡ ಮರವು ಬಡ ಒಕ್ಕಲಿಗೆ ವರ್ಷದ ಹುಳಿಯನ್ನು ಒದಗಿಸಿ, ಮಿಕ್ಕುದರಿಂದ ಕೈಗೆ ನಾಲ್ಕು ಕಾಸನ್ನೂ ಕೊಡಬಲ್ಲುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಾದರೋ ಅದೇ ಮಾಸದಲ್ಲಿ, ಅಂಥವೇ ಮರಗಳ ಕೆಳಗೆ, ಗೂಡಿರುವ ಕಡೆ ಯಾರೂ ದೋಟಿ ಎತ್ತುವುದಿಲ್ಲ. ಹಣ್ಣು ಕೊಂಬೆಯಲ್ಲಿಯೇ ಉಳಿಯುತ್ತದೆ. ಉಳಿದು ಹಿಕ್ಕೆಯಿಂದ ಕೆಡುತ್ತದೆ. ಏಕೆಂದರೆ ಆ ಕೊಂಬೆಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಮರಿಗಳನ್ನು ಸಾಕುತ್ತಿರುತ್ತವೆ.

ಸುಖವನ್ನು ಕುರಿತು ಮನುಷ್ಯನು ಆಡಿರುವ ಮಾತುಗಳು ಅಪಾರ. ಅದು ಅದೃಷ್ಟದಿಂದ ಒದಗತಕ್ಕದ್ದೆಂದು ಕಾದು ಕುಳಿತವರುಂಟು. ಧನದಿಂದಲೂ ಅಧಿಕಾರದಿಂದಲೂ ಬರತಕ್ಕದ್ದೆಂದು ನಂಬಿ ಆಯುಷ್ಯವನ್ನು ಸವೆಸಿದವರುಂಟು. ಎಲ್ಲವನ್ನೂ ತ್ಯಜಿಸಿದ ಹೊರತು ದಕ್ಕದೆಂದು ಕಾಡು ಸೇರಿದವರೂ ಉಂಟು. ಪ್ರಾಚೀನ ಗ್ರೀಸಿನ ಅರಿಸ್ಟಾಟಲನು ಈ ಪ್ರಶ್ನೆಯನ್ನು ಲೋಕಾನುಭವದ ನೆಲೆಯಲ್ಲಿ ನಿಂತು ವಿಚಾರಮಾಡಿ, ಸುಖವು ಒಂದು ಕ್ರಿಯೆಯೆಂದೂ, ಸದ್ಗುಣದೊಡಗೂಡಿದ ಆ ಕ್ರಿಯೆ ಜೀವಮಾನವೆಲ್ಲ ಹಬ್ಬಿರಬೇಕೆಂದೂ, ಸದ್ಗುಣವು ಉಪದೇಶ ಕೇಳಿದ ಮಾತ್ರದಿಂದ ಬಾರದೆ ಮಾಡಿ ಮಾಡಿ ರೂಢಿಯಾಗಿ ಬರತಕ್ಕದ್ದೆಂದೂ ತೀರ್ಮಾನಿಸಿದನು. ನಮ್ಮ ಶರಣರು ದಿನದಿನದ ದುಡಿಮೆಯನ್ನೇ ಪೂಜೆಯ ಪದವಿಗೆ ಏರಿಸಿದುದರಲ್ಲಿಯೂ ಇದೇ ಅರಿವು ಬೇರೊಂದು ಬೆಳಕಿನಲ್ಲಿ ಕಾಣಿಸುತ್ತದೆ. ಗ್ರಂಥದಲ್ಲಿ ಓದಿ ತಲೆದೂಗುವ ಈ ವಿಚಾರವನ್ನು ಒಂದು ಊರು ತನ್ನ ನಡೆವಳಿಯಲ್ಲಿ ನಡೆಸಿ ತೋರಿಸುತ್ತಿದೆಯೆಂದರೆ, ಆ ಊರನ್ನು ಸಾವಧಾನವಾಗಿ ನೋಡಬೇಕಾದದ್ದು ನಮ್ಮ ಕರ್ತವ್ಯ.

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹಳೆಯ ಹೆದ್ದಾರಿಯಲ್ಲಿ ಹೊರಟವರು ಚನ್ನಪಟ್ಟಣವನ್ನು ದಾಟಿ, ಮದ್ದೂರು ಸೇರುವುದಕ್ಕೆ ಮುನ್ನ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿ ಸುಮಾರು 12 ಕಿಲೋಮೀಟರು ನಡೆದರೆ ಕೊಕ್ಕರೆ ಬೆಳ್ಳೂರು ಸಿಕ್ಕುತ್ತದೆ. ಕಬ್ಬು, ರಾಗಿ, ರೇಷ್ಮೆಯ ಹಿಪ್ಪುನೇರಳೆ, ಮನೆಯ ಮುಂದೆ ಕಟ್ಟಿದ ಎಮ್ಮೆ, ಆಲೆಮನೆಯ ಹೊಗೆ, ಎಲ್ಲವೂ ಆ ಸೀಮೆಯ ಇತರ ಹಳ್ಳಿಗಳಲ್ಲಿರುವಂತೆಯೇ. ಸಮೀಪದಲ್ಲಿ ಶಿಂಷಾ ನದಿ ಹರಿಯುತ್ತದೆ. ಊರು ಮೊದಲು ಆ ನದಿಗೆ ಇನ್ನೂ ಹತ್ತಿರದಲ್ಲಿತ್ತೆಂದೂ, ಕಳೆದ ಶತಮಾನದ ಆರಂಭದ ಪ್ಲೇಗಿನ ಮಾರಿಗೆ ಅಂಜಿ ಜನರು ಹಳೆಯ ನೆಲೆಯನ್ನು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರನ್ನು ಹಿಂಬಾಲಿಸಿ ಬಂದುವೆಂದೂ ಹಿರಿಯರು ಹೇಳುತ್ತಾರೆ. ಆಪತ್ಕಾಲದಲ್ಲಿ ಮನೆಯ ಕಂಬ ಬಾಗಿಲುಗಳನ್ನು ಕಿತ್ತು ಹೊತ್ತುಕೊಂಡು ಹೊರಟ ಜನಕ್ಕೆ, ಹೊಸ ಊರಿನ ಮರಗಳ ಮೇಲೆ ಹಳೆಯ ಪರಿಚಯದ ರೆಕ್ಕೆಗಳು ಬಂದಿಳಿದುದನ್ನು ಕಂಡಾಗ ಎಂಥ ಧೈರ್ಯ ಹುಟ್ಟಿರಬೇಡ! ಈ ಹಕ್ಕಿಗಳು ಬಂದರೆ ಮಳೆಬೆಳೆ ಚೆನ್ನಾಗುತ್ತದೆ, ಊರಿಗೆ ಶುಭವಾಗುತ್ತದೆ ಎಂಬ ನಂಬಿಕೆ ಅಲ್ಲಿ ಇಂದಿಗೂ ಬಲವಾಗಿದೆ.

ಇದೇ ಮಂಡ್ಯ ಜಿಲ್ಲೆಯಲ್ಲಿ ಇನ್ನೊಂದು ಪ್ರಸಿದ್ಧವಾದ ಪಕ್ಷಿಧಾಮವಿದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ ಪ್ರೇರಣೆಯಿಂದ 1940ರಲ್ಲಿ ಮೈಸೂರು ಸಂಸ್ಥಾನದ ರಕ್ಷಣೆಗೆ ಒಳಪಟ್ಟಿತು. ಅಲ್ಲಿ ಹಕ್ಕಿಗಳಿಗೆ ಕಾವೇರಿಯೇ ಕೋಟೆ. ನಡುಗಡ್ಡೆಗಳ ಸುತ್ತ ನೀರು, ನೀರಿನಲ್ಲಿ ಮೊಸಳೆ. ಬೆಳ್ಳೂರಿನಲ್ಲಿ ಹೊಳೆಯ ಕೋಟೆಯಿಲ್ಲ, ಬೇಲಿಯಿಲ್ಲ. ಹಂಚಿನ ಮಾಡಿನ ಮೇಲೆ ಚಾಚಿದ ಕೊಂಬೆಯಲ್ಲಿ ಗೂಡು. ಗೂಡಿನ ಕೆಳಗೆ ತೊಟ್ಟಿಲು ತೂಗುವ ಮನೆ. 2000ದಲ್ಲಿ ಈ ಊರನ್ನು ಕುರಿತು ಪ್ರಕಟವಾದ ಒಂದು ಅಧ್ಯಯನವು ಇದನ್ನು ಎರಡಂತಸ್ತಿನ ಊರೆಂದು ಕರೆದುದು ಅತ್ಯಂತ ಸಮಂಜಸವಾಗಿದೆ. ಮೇಲಂತಸ್ತಿನವರಿಗೆ ಕೆಳಗಿನವರ ಸಭ್ಯತೆಯೊಂದೇ ರಕ್ಷೆ. ಒಬ್ಬ ಹುಡುಗನ ಕವಣೆಕಲ್ಲು, ಒಬ್ಬ ಯಜಮಾನನ ಕೊಡಲಿ, ಇಷ್ಟು ಸಾಕು, ತಲೆಮಾರುಗಳ ಸಂಬಂಧ ಮುರಿದುಹೋಗಲು. ಆ ಕಲ್ಲು ಬೀಳದಂತೆ, ಆ ಕೊಡಲಿ ಏಳದಂತೆ ಪ್ರತಿದಿನವೂ ಯಾರೋ ಒಬ್ಬರು ಮನಸ್ಸನ್ನು ಹಿಡಿದುಕೊಂಡಿರಲೇಬೇಕು.

ಮೇಲಂತಸ್ತಿನವರ ದುಡಿಮೆಯೂ ಸಾಮಾನ್ಯವಾದದ್ದಲ್ಲ. ಚಳಿಗಾಲ ಕಾಲಿಡುವಾಗ ಹೆಜ್ಜಾರ್ಲೆಗಳು ಬರುತ್ತವೆ. ಅವುಗಳ ಬೆನ್ನಿಗೆ ಬಣ್ಣದ ಕೊಕ್ಕರೆಗಳು. ಹುಣಸೆ, ಅರಳಿ, ಆಲ, ಜಾಲಿಯ ಮರಗಳಲ್ಲಿ ಜಾಗ ಹಿಡಿದು ಕಡ್ಡಿ ಕಡ್ಡಿಯಾಗಿ ತಂದು ಗೂಡನ್ನು ಹೆಣೆಯುತ್ತವೆ. ಹೆಜ್ಜಾರ್ಲೆ ಮೂರು ನಾಲ್ಕು ಮೊಟ್ಟೆಗಳನ್ನಿಟ್ಟು ಸುಮಾರು ಒಂದು ತಿಂಗಳು ಕಾವು ಕೊಡಬೇಕು. ಮರಿಯೊಡೆದ ಮೇಲೆ ಅವು ತಾವಾಗಿ ಹಾರುವವರೆಗೆ ಇನ್ನೂ ಮೂರು ನಾಲ್ಕು ತಿಂಗಳು ಸಾಕಬೇಕು. ಬೆಳಗಿನ ಬಿಸಿಲು ಏರಿ ಗಾಳಿ ಕಾಯುತ್ತಲೇ ದೊಡ್ಡ ಹಕ್ಕಿಗಳು ಆ ಬಿಸಿಗಾಳಿಯ ಸುಳಿಗೆ ರೆಕ್ಕೆಯೊಡ್ಡಿ ಮೇಲೇರಿ, ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ, ಇನ್ನೂ ದೂರದ ನೀರುಗಳ ಕಡೆಗೆ ಹೋಗಿ ಮೀನು ಹಿಡಿದು ಮರಳುತ್ತವೆ. ಮರಿಗಳು ತಾಯಿಯ ಕೊಕ್ಕಿನ ಚೀಲಕ್ಕೆ ತಲೆಯನ್ನೇ ತೂರಿಸಿ ಉಣ್ಣುವುದನ್ನು ಮನೆಯಂಗಳದಲ್ಲಿ ನಿಂತೇ ನೋಡಬಹುದು. ಚೈತ್ರ ವೈಶಾಖಗಳ ಉರಿಬಿಸಿಲಿನಲ್ಲಿ ಬಣ್ಣದ ಕೊಕ್ಕರೆ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆಗಳನ್ನು ಬಿಡಿಸಿ ಹಿಡಿದು ಮರಿಗಳಿಗೆ ನೆರಳು ಮಾಡುವ ದೃಶ್ಯವಂತೂ, ಕಂಡವರ ಮನಸ್ಸಿನಿಂದ ಮಾಸುವಂಥದಲ್ಲ. ಮುಂಗಾರಿನ ಹೊತ್ತಿಗೆ ಮರಿಗಳು ರೆಕ್ಕೆ ಬಲಿತು ಹೊರಟುಹೋಗುತ್ತವೆ. ಅರ್ಧ ವರ್ಷದ ಬಿಡುವಿಲ್ಲದ ಕೆಲಸ. ಮರುವರ್ಷ ಮತ್ತೆ ಮೊದಲ ಕಡ್ಡಿಯಿಂದ ಆರಂಭ.

ಈ ಆರು ತಿಂಗಳು ಕೆಳಗಿನವರ ಪಾಲಿಗೆ ಏನು? ಹಕ್ಕಿಯನ್ನು ದುರ್ಬೀನಿನಲ್ಲಿ ನೋಡಿ ಸಂಜೆಗೆ ನಗರಕ್ಕೆ ಮರಳುವವರು ಇದನ್ನು ಸುಲಭವಾಗಿ ಮರೆಯುತ್ತಾರೆ. ಮರದ ಕೆಳಗಿನ ನೆಲವೆಲ್ಲ ಬೆಳ್ಳಗೆ. ಹಂಚು, ಒಗೆದು ಹರವಿದ ಬಟ್ಟೆ, ಒಣಹಾಕಿದ ಕಾಳು, ಯಾವುದಕ್ಕೂ ವಿನಾಯಿತಿಯಿಲ್ಲ. ಜಾರಿ ಬಿದ್ದ ಮೀನು ಕೊಳೆತು ನಾರುತ್ತದೆ. ಹಗಲೆಲ್ಲ ಮರಿಗಳ ಅರಚಾಟ. ಇದನ್ನು ಸಹಿಸುವುದು ಒಂದು ದಿನದ ಔದಾರ್ಯದಿಂದ ಸಾಧ್ಯವಾಗುವ ಮಾತಲ್ಲ. ಪ್ರತಿ ಮುಂಜಾನೆಯೂ ಅಂಗಳವನ್ನು ಗುಡಿಸಿ, ನೀರು ಹಾಕಿ, ಮತ್ತೆ ಹೊಲಸಾಗುವುದನ್ನು ತಿಳಿದೇ ಗುಡಿಸುವ ಹೆಣ್ಣುಮಗಳ ತಾಳ್ಮೆಯ ಮೇಲೆ ಈ ಊರಿನ ಕೀರ್ತಿ ನಿಂತಿದೆಯೆಂದರೆ ಉತ್ಪ್ರೇಕ್ಷೆಯಾಗದು.

ಆ ತಾಳ್ಮೆಗೆ ಆಧಾರವಾಗಿರುವ ಭಾವವನ್ನು ಊರವರೇ ಹೇಳುತ್ತಾರೆ: ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ನಮ್ಮ ನಾಡಿನ ಮನೆವಾರ್ತೆಯನ್ನು ಬಲ್ಲವರಿಗೆ ಈ ಒಂದು ಮಾತಿನಲ್ಲಿ ಎಲ್ಲವೂ ತಿಳಿಯುತ್ತದೆ. ಬಸುರಿ ಮಗಳು ಮನೆಗೆ ಬಂದಳೆಂದರೆ ತಾಯಿಗೆ ಕೆಲಸ ಇಮ್ಮಡಿ, ತಂದೆಗೆ ಖರ್ಚು ಇಮ್ಮಡಿ. ರಾತ್ರಿಯ ನಿದ್ದೆಗೆ ಸಂಚಕಾರ. ಆದರೂ ಆ ಖರ್ಚನ್ನು ಯಾರೂ ಬರೆದಿಡುವುದಿಲ್ಲ, ಆ ಕೆಲಸವನ್ನು ಯಾರೂ ಹೊರೆಯೆಂದು ಹೊರಗೆ ಹೇಳುವುದಿಲ್ಲ; ಮಗಳು ಬಾರದ ವರ್ಷವೇ ಮನೆ ಬಿಕೋ ಎನ್ನುತ್ತದೆ. ಶ್ರಮವು ಸುಖವಾಗಿ ಪರಿಣಮಿಸುವುದು ಹೀಗೆ. ಸುಖವು ಬಂದ ಮೇಲೆ ಸದಾಚಾರ ಬರುತ್ತದೆಂದು ಕಾಯುವವರಿಗೆ ಎರಡೂ ಸಿಕ್ಕುವುದು ದುರ್ಲಭ. ಬೆಳ್ಳೂರಿನವರು ಮೊದಲು ಅಂಗಳವನ್ನು ಗುಡಿಸಿದರು. ಗುಡಿಸುತ್ತ ಗುಡಿಸುತ್ತ ಮೇಲಿನ ರೆಕ್ಕೆಗಳ ಸದ್ದು ಅವರಿಗೆ ಬೇಕಾದದ್ದಾಯಿತು.

ಹಕ್ಕಿಗಳಿಂದ ಪ್ರಯೋಜನವಿಲ್ಲವೆಂದಲ್ಲ. ಮರದಡಿಯಲ್ಲಿ ಗುಣಿ ತೋಡಿ, ಕೆರೆಯ ಗೋಡುಮಣ್ಣನ್ನು ಹರವಿ, ಬೀಳುವ ಹಿಕ್ಕೆಯನ್ನು ಅದರಲ್ಲಿ ಕೂಡಿಸಿ ಹೊಲಕ್ಕೆ ಹಾಕುವ ಪದ್ಧತಿ ಇಲ್ಲಿ ಹಳೆಯದು. ಸಾರಜನಕವೂ ರಂಜಕವೂ ಸಮೃದ್ಧವಾಗಿರುವ ಆ ಗೊಬ್ಬರ ಪೈರಿಗೆ ಪುಷ್ಟಿ. ಸಹನೆಯು ಹೀಗೆ ಸ್ವಲ್ಪಮಟ್ಟಿಗೆ ಫಲವನ್ನೂ ಕೊಟ್ಟಿತು. ಫಲ ಕೊಟ್ಟುದರಿಂದ ಅದರ ಶುದ್ಧಿ ಕೆಟ್ಟಿತೆಂದು ನಾನು ತಿಳಿಯುವುದಿಲ್ಲ. ಒಳ್ಳೆಯ ಅಭ್ಯಾಸವು ಹೊಟ್ಟೆಯ ಪಾಡಿನೊಡನೆ ಹೊಂದಿಕೊಂಡಾಗಲೇ ಬಹುಕಾಲ ಬಾಳುತ್ತದೆ.

ಹೊರಲೋಕದ ವಿಶೇಷ ಗಮನ ಈ ಊರಿನ ಕಡೆಗೆ ಹರಿದದ್ದು 1976ರಲ್ಲಿ, ಅರಣ್ಯ ಇಲಾಖೆಯ ಅಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳರು ಇಲ್ಲಿಯ ಗೂಡುಗಳನ್ನು ಕಂಡು ದಾಖಲಿಸಿದಾಗ. ಮುಂದೆ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿಗಳನ್ನು ನೆಡಿಸಿ ಬೆಳೆಸಿದ ಮಹನೀಯರೂ ಇವರೇ. ಹುಣಸೆಯ ಆದಾಯವನ್ನು ಬಿಟ್ಟುಕೊಡುವ ಮರದ ಒಡೆಯರಿಗೆ ಇಲಾಖೆಯು ಪರಿಹಾರಧನ ಕೊಡುವ ಏರ್ಪಾಡು ಆ ಕಾಲದಿಂದ ಬಂದುದು. ತೊಂಬತ್ತರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಕೆ. ಮನು ಮತ್ತು ಸಂಗಡಿಗರ ಒತ್ತಾಸೆಯಿಂದ ಊರಿನ ಯುವಕರೇ ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡರು. ಗಾಳಿಗೋ ಅಣ್ಣತಮ್ಮಂದಿರ ನೂಕಾಟಕ್ಕೋ ಗೂಡಿನಿಂದ ಉರುಳಿಬಿದ್ದ ಮರಿಯನ್ನು ತಾಯಿಹಕ್ಕಿ ಮತ್ತೆ ಮೇಲಕ್ಕೆ ಎತ್ತಿಕೊಳ್ಳಲಾರದು. ಬಿದ್ದ ಮರಿ ನಾಯಿಯ ಪಾಲು. ಅಂಥ ಮರಿಗಳನ್ನು ಎತ್ತಿ ತಂದು, ಬಲೆಯ ಆವರಣದಲ್ಲಿಟ್ಟು, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಕೊಡುವುದು ಬಳಗದ ಕೆಲಸ. ಹಸಿದ ಹೆಜ್ಜಾರ್ಲೆಯ ಮರಿಗೆ ಭಾನುವಾರವೆಂಬುದಿಲ್ಲ, ಹಬ್ಬವೆಂಬುದಿಲ್ಲ. ತನ್ನ ಮನೆಯ ಒಲೆ ಹೊತ್ತುವ ಮುನ್ನ ಇನ್ನೊಂದು ಜೀವಿಗೆ ಮೀನು ಹೊಂದಿಸಬೇಕಾದ ಆ ಯುವಕನ ದಿನಚರಿಯಲ್ಲಿ ಎಷ್ಟು ಶಿಸ್ತು ಅಡಗಿದೆ! ಮರಿ ಹಾರಿಹೋದ ದಿನ ಅವನಿಗೆ ಆಗುವ ಸಂತೋಷವನ್ನು ಯಾವ ಸಂತೆಯಲ್ಲಿಯೂ ಕೊಳ್ಳಲಾಗದು.

2007ರಲ್ಲಿ ಸರಕಾರವು ಕೊಕ್ಕರೆ ಬೆಳ್ಳೂರನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಜನರನ್ನು ಹೊರಗಿಡದೆ, ಅವರ ಭೂಮಿಯನ್ನು ಅವರಲ್ಲಿಯೇ ಬಿಟ್ಟು, ಅವರ ಕೈಯಿಂದಲೇ ರಕ್ಷಣೆ ನಡೆಯಬೇಕೆಂಬ ಆಶಯದ ಈ ವ್ಯವಸ್ಥೆ ಬೆಳ್ಳೂರಿಗೆ ತಕ್ಕದ್ದೇ. ಆದರೆ ಹಣ ಬರುತ್ತದೆಂದೇ ಊರವರು ಮರವನ್ನು ಉಳಿಸಿದರೆಂದು ಎಣಿಸುವುದು ಚರಿತ್ರೆಗೆ ಅಪಚಾರ. ಪರಿಹಾರದ ಮಾತು ಹುಟ್ಟುವುದಕ್ಕೆ ತಲೆಮಾರುಗಳ ಮುಂಚೆಯೇ ಹಕ್ಕಿಗಳು ಇಲ್ಲಿದ್ದುವು. ಹಾಗೆಂದು ಪರಿಹಾರ ಬೇಡವೆಂದಲ್ಲ. ಸಜ್ಜನರ ತ್ಯಾಗವನ್ನು ಅವರ ಬಡತನದ ಮೇಲೆಯೇ ನಿಲ್ಲಿಸುವುದು ಅನ್ಯಾಯ. ಕೊಡತಕ್ಕದ್ದನ್ನು ಸಕಾಲದಲ್ಲಿ, ಕಾಲಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಬೇಕು.

ಇಂಥ ನಡೆವಳಿ ಇಲ್ಲದ ಕಡೆ ಏನಾಯಿತೆಂಬುದಕ್ಕೆ ಇದೇ ಹಕ್ಕಿಯ ಚರಿತ್ರೆಯಲ್ಲಿ ನಿದರ್ಶನಗಳಿವೆ. ಬರ್ಮಾದೇಶದ ಸಿತ್ತಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಓಟ್ಸ್ ಎಂಬ ಆಂಗ್ಲ ಪಕ್ಷಿತಜ್ಞನು ಹೆಜ್ಜಾರ್ಲೆಗಳ ಮಹಾಸಮೂಹವನ್ನು ಕಂಡು ಲಕ್ಷಗಳ ಲೆಕ್ಕದಲ್ಲಿ ವರ್ಣಿಸಿದನು. 1930ರ ದಶಕ ಮುಗಿಯುವಷ್ಟರಲ್ಲಿ ಅಲ್ಲಿ ಒಂದು ಗೂಡೂ ಉಳಿದಿರಲಿಲ್ಲ. ಆಂಧ್ರದ ಕೊಲ್ಲೇರು ಸರೋವರದ ಬಳಿ ತಾಳೆಮರಗಳ ಮೇಲೆ ಸುಮಾರು ಮೂರು ಸಾವಿರ ಹೆಜ್ಜಾರ್ಲೆಗಳು ಗೂಡುಕಟ್ಟುತ್ತಿದ್ದುದನ್ನು 1946ರಲ್ಲಿ ಕೆ. ಕೆ. ನೀಲಕಂಠನ್ ಅವರು ಕಂಡರು. ಎಪ್ಪತ್ತರ ದಶಕದ ನಡುವಿಗೆ ಆ ವಸತಿಯೂ ಬರಿದಾಯಿತು. ಅಷ್ಟು ದೊಡ್ಡ ಸಂಪತ್ತುಗಳು ಕರಗಿಹೋದ ಶತಮಾನದಲ್ಲಿ ಶಿಂಷೆಯ ತೀರದ ಒಂದು ಪುಟ್ಟ ಹಳ್ಳಿ ತನ್ನ ಪಾಲನ್ನು ಉಳಿಸಿಕೊಂಡಿತೆಂಬುದನ್ನು ಅಭಿಮಾನದಿಂದ ಹೇಳಿಕೊಳ್ಳಬೇಕು.

ದೃಢವ್ರತಕ್ಕೂ ಪರೀಕ್ಷೆಗಳು ತಪ್ಪುವುದಿಲ್ಲ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದುವು. ಪರೀಕ್ಷಿಸಿದ ತಜ್ಞರಿಗೆ ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುವು. ತಿಂದ ಮೀನಿನ ಮೂಲಕ ಒಳಹೊಕ್ಕ ಪರೋಪಜೀವಿಗಳು ಅವು. ಮರಿಯನ್ನು ಕೈಯಾರೆ ಸಾಕಿದ ಜನ, ಬಲಿತ ಹಕ್ಕಿ ಕಣ್ಣೆದುರಿಗೆ ತೂಕಡಿಸಿ ನೆಲಕ್ಕೆ ಬೀಳುವುದನ್ನು ನೋಡಬೇಕಾಯಿತು. ಆ ವರ್ಷ ಎದೆಗುಂದಿ ಕೈಬಿಟ್ಟಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಅವರು ಕೈಬಿಡಲಿಲ್ಲ, ಮುಂದಿನ ಋತುವಿನಲ್ಲಿ ಹಕ್ಕಿಗಳೂ ಕೈಬಿಡದೆ ಬಂದುವು.

ಆ ದುಃಖದಿಂದ ತಿಳಿದುಬಂದ ಸಂಗತಿ ಒಂದುಂಟು. ಬೆಳ್ಳೂರಿನವರು ತಮ್ಮ ಅಂಗಳವನ್ನು ಎಷ್ಟೇ ಶುದ್ಧವಾಗಿಟ್ಟರೂ, ಹಕ್ಕಿ ಉಣ್ಣುವುದು ಬೇರೆ ಊರಿನ ಕೆರೆಯಲ್ಲಿ. ಹೂಳು ತುಂಬಿ, ಊರ ಚರಂಡಿ ಸೇರಿ, ಅಂಚು ಒತ್ತುವರಿಯಾಗಿ ಸೊರಗಿದ ಕೆರೆಯ ಮೀನು ಹಕ್ಕಿಗೂ ಹಿತವಲ್ಲ, ಆ ಕೆರೆಯ ನೀರು ಮನುಷ್ಯನಿಗೂ ಹಿತವಲ್ಲ. ಇತ್ತ ಊರೊಳಗಿನ ಹಳೆಯ ಹುಣಸೆಗಳು ಮುಪ್ಪಾಗುತ್ತಿವೆ. ಇಂದು ನೆಟ್ಟ ಸಸಿ ಗೂಡು ಹೊರುವ ಮರವಾಗಲು ಒಂದು ತಲೆಮಾರು ಬೇಕು. ಆದುದರಿಂದ ಮದ್ದೂರು, ಮಳವಳ್ಳಿ, ಚನ್ನಪಟ್ಟಣದ ಸೀಮೆಯ ಊರವರಲ್ಲಿ ನನ್ನದೊಂದು ಪ್ರಾರ್ಥನೆ: ಮುಂಗಾರಿಗೆ ಮುನ್ನ ನಿಮ್ಮ ಕೆರೆಯ ಏರಿಯ ಮೇಲೆ ಹತ್ತು ಮಂದಿ ಕೂಡಿ ನಡೆಯಿರಿ, ಕೆರೆಗೆ ಬೀಳುವ ಕೊಳಚೆಯ ಬಾಯಿಯನ್ನು ಮುಚ್ಚಿಸಿರಿ, ಏರಿಯ ಕೆಳಗೆ ಜಾಗವಿರುವ ಕಡೆ ಹುಣಸೆಯನ್ನೋ ಆಲವನ್ನೋ ನೆಟ್ಟು ಮೂರು ಬೇಸಗೆ ನೀರು ಹೊಯ್ಯಿರಿ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗೆ ಈ ವರ್ಷದ ಊಟ ನಿಮ್ಮ ಕೆರೆಯಿಂದಲೇ ಹೋಗಬೇಕು.